ಗರಿ ಎಳೆಯುವವನನ್ನು ಯಾರೂ ಕೇಳುವುದಿಲ್ಲ

ಕಳೆದ ವರ್ಷ ಶ್ರಾವಣದ ಮೊದಲ ಸೋಮವಾರ ನನ್ನ ಅಣ್ಣ ಹಾಸಿಗೆಯಿಂದ ಏಳಲಿಲ್ಲ. ಜ್ವರ ಇರಲಿಲ್ಲ. ಮಂಗಳವಾರವೂ ಏಳಲಿಲ್ಲ. ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಗಿತ್ತು, ಇಳಿಸುವವರಿರಲಿಲ್ಲ. ಬಿಳಿಗೆರೆಯ ನೆಂಟರು ಗಾಳಿ ಸೋಕಿದೆ ಎಂದರು. ನಮ್ಮ ಚಿಕ್ಕಪ್ಪ ಸೋಮಾರಿತನ ಎಂದರು. ಡಾಕ್ಟರು ಖಿನ್ನತೆ ಎಂದು ಮಾತ್ರೆ ಬರೆದರು.

‘ನಾನಿದ್ದು ಏನ್ ಉಪ್ಯೋಗ’ ಎಂದು ಅವನು ಒಮ್ಮೆ ಅಂದದ್ದೇ ತಡ, ಅತ್ತಿಗೆ ಮನೆಯ ಹಗ್ಗಗಳನ್ನೆಲ್ಲ ಪಕ್ಕದ ಮನೆಗೆ ಸಾಗಿಸಿದರು. ಕಟ್ಟಲು ಹಗ್ಗವಿಲ್ಲದೆ ಹಸುವೂ ಅಲ್ಲಿಗೇ ಹೋಯಿತು. ಹಾಲು ಕರೆಯಲು ಅತ್ತಿಗೆ ದಿನವೂ ಚೊಂಬು ಹಿಡಿದು ಬೇಲಿ ದಾಟುತ್ತಿದ್ದರು.

ಹಳ್ಳಿಗಳಿಗೆ ಬರುತ್ತಿದ್ದ ಆಪ್ತಸಮಾಲೋಚಕಿ ಎಲ್ಲರಿಗೂ ಹೇಳುವುದನ್ನೇ ಅಣ್ಣನಿಗೂ ಹೇಳಿದರು: ಬೆಳಿಗ್ಗೆ ವಾಕಿಂಗ್ ಮಾಡಿ. ಅಣ್ಣ ಕೈಬೀಸಿಕೊಂಡು ಹೊರಟ. ಅರಳಿಕಟ್ಟೆಯ ಮೇಲೆ ಕೂತಿದ್ದವರು ತಡೆದರು.

‘ಎಲ್ಲಿಗ್ಲಾ ಹೊಂಟೆ?’

‘ಸುಮ್ನೆ.’

‘ಸುಮ್ನೆ ಯಾವನ್ಲಾ ನಡೀತಾನೆ? ಶುಗರ್ ಬಂತಾ? ಇಲ್ಲಾ ಹೆಂಡ್ತಿ ಓಡಿಸಿದ್ಳಾ?’

ಅಣ್ಣ ಅರ್ಧಕ್ಕೇ ಹಿಂದಿರುಗಿ ಮುಸುಕು ಹಾಕಿಕೊಂಡು ಮಲಗಿದ. ವಾಕಿಂಗ್ ಎಂಬ ಔಷಧಿಯಿಂದ ಕಾಯಿಲೆ ಹೆಚ್ಚಾಯಿತು.

ಮುಂದಿನ ಭೇಟಿಯಲ್ಲಿ ಅತ್ತಿಗೆ ಇದನ್ನು ವರದಿ ಮಾಡಿದರು. ಸಮಾಲೋಚಕಿ ನಗಲಿಲ್ಲ. ಅಣ್ಣನ ಕಡೆ ತಿರುಗಿ, ‘ನಿಮ್ಮೂರಲ್ಲಿ ಯಾರನ್ನ ಕಂಡ್ರೆ ಜನ ಎಲ್ಲಿಗೆ ಅಂತ ಕೇಳಲ್ಲ?’ ಎಂದರು.

ಅಣ್ಣ ಹೇಳಿದ: ‘ತೆಂಗಿನ ಗರಿ ಎಳ್ಕೊಂಡು ಹೋಗೋನ್ನ.’

‘ಹಾಗಾದ್ರೆ ನೀವೂ ಒಂದು ಗರಿ ಎಳ್ಕೊಂಡು ನಡೀರಿ.’

ತೋಟದಲ್ಲಿ ಬಿದ್ದಿದ್ದ ಒಂದು ಗರಿಯನ್ನು ಅಣ್ಣ ಆರಿಸಿದ. ಬೆಳಿಗ್ಗೆ ಅದನ್ನು ಕೆರೆ ಏರಿಯವರೆಗೆ ಎಳೆದ, ಅಲ್ಲಿಂದ ಮನೆಗೆ ಎಳೆದು ತಂದ. ಮರುದಿನವೂ ಅದೇ ಗರಿ. ಜನ ಕಾಲು ಎತ್ತಿ ದಾರಿ ಬಿಟ್ಟರೇ ಹೊರತು ಯಾರೂ ಏನೂ ಕೇಳಲಿಲ್ಲ. ದೀಪಾವಳಿಯ ಹೊತ್ತಿಗೆ ಎಲೆಯೆಲ್ಲ ಸವೆದು ದಂಟು ಉಳಿದಿತ್ತು. ಆಗ ಅರಳಿಕಟ್ಟೆಯವರಲ್ಲಿ ಒಬ್ಬರು ನಮ್ಮ ಮನೆಯ ಬಾಗಿಲಲ್ಲೇ ಅತ್ತಿಗೆಯನ್ನು ತಡೆದರು.

‘ಅಲ್ಲ ಕಣವ್ವ, ನಿನ್ ಗಂಡ ಒಂದೇ ಗರೀನ ಎಷ್ಟ್ ದಿನ ಸಾಗಿಸ್ತಾನೆ?’

‘ಅದು ಔಷ್ದಿ ಕಣ್ರೀ. ನಿಮ್ಗೂ ಬೇಕಾ?’

ಅಣ್ಣ ಒಳಗಿನಿಂದ ಕೇಳಿಸಿಕೊಂಡು ನಕ್ಕ. ಸಂಕ್ರಾಂತಿಯಾದ ಮೇಲೆ ಅಟ್ಟ ಹತ್ತಿ, ಕಾಯಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ‘ಒಣ್ಗೈತೆ, ಇಳಿಸ್ಬೇಕು’ ಎಂದ. ಇಳಿಸಿದ್ದು ನಾವಿಬ್ಬರೂ.

ಮಾತ್ರೆ ಇನ್ನೂ ನಡೆಯುತ್ತಿದೆ. ಸಮಾಲೋಚಕಿ ತಿಂಗಳಿಗೊಮ್ಮೆ ಬರುತ್ತಾರೆ. ಹೋದ ಭಾನುವಾರ ಅತ್ತಿಗೆ ಪಕ್ಕದ ಮನೆಯಿಂದ ಹಗ್ಗಗಳನ್ನೂ ಹಸುವನ್ನೂ ವಾಪಸ್ ತಂದರು. ಹಸುವನ್ನು ಕೊಟ್ಟಿಗೆಯಲ್ಲಿ ಕಟ್ಟಿದ್ದು ಅಣ್ಣ.