ರಾಗಿಯ ಕತ್ತಿನ ಬೆಲ್ಟು

ನಾನು ಓದು ನಿಲ್ಲಿಸಿದ್ದು ೧೯೮೬ರಲ್ಲಿ, ಏಳನೇ ತರಗತಿಯ ಅರ್ಧಕ್ಕೆ. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ನಾಚಿಕೆಯಿಲ್ಲ. ಹೇಳದೆ ಉಳಿಸಿಕೊಂಡದ್ದು ಬೇರೆ ಇದೆ. ವಿಮಲಾ ಸಿಸ್ಟರ್, ನಿಮ್ಮ ರಾಗಿ ತಪ್ಪಿಸಿಕೊಂಡ ದಿನ ಅವಳ ಕತ್ತಿನ ಬೆಲ್ಟು ಜಾರಲಿಲ್ಲ. ನಾನು ಬಿಚ್ಚಿದೆ. ಆಮೇಲೆ ಆ ತಪ್ಪನ್ನು ನಿಮ್ಮ ಕೈಗೆ ದಾಟಿಸಿದೆ.

ಬರೆಯುತ್ತಿದ್ದೇನೆ, ಯಾಕೆಂದರೆ ಎದುರಿಗೆ ನಿಂತರೆ ಮಾತು ಬೇರೆ ಕಡೆ ಹೊರಳುತ್ತದೆ. ಆರು ವರ್ಷದಿಂದ ಹೊರಳುತ್ತಲೇ ಇದೆ. ಊಟ ಆಯ್ತಾ ಸಿಸ್ಟರ್, ಇವತ್ತು ಯಾವ ಶಿಫ್ಟು, ಬಸ್ಸು ಸಿಕ್ತಾ — ಇಷ್ಟೇ.

ನಿಮಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಕೈ ಸಡಿಲವಾಗಲಿ. ಬನಶಂಕರಿಯ ನಮ್ಮ ಗಲ್ಲಿಯಲ್ಲಿ ನನ್ನದು ಆಟೋಗಳಿಗೆ ಸೀಟು, ಟಾಪು ಹೊಲಿಯುವ ಅಂಗಡಿ. ನೀವು ಮೂರು ಮನೆ ಆಚೆ, ಒಬ್ಬರೇ. ಜೆ.ಪಿ. ನಗರದಲ್ಲಿ ನರ್ಸ್ ಕೆಲಸ. ಹೊಸಕೆರೆಹಳ್ಳಿ ಕೆರೆಯ ಹತ್ತಿರ ಸಿಕ್ಕ ನಾಯಿಮರಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಬಂದಿರಿ. ಬಣ್ಣ ನೋಡಿ ರಾಗಿ ಎಂದು ಹೆಸರಿಟ್ಟಿರಿ. ಡ್ಯೂಟಿಗೆ ಹೋಗುವಾಗ ನನ್ನ ಅಂಗಡಿಯಲ್ಲಿ ಬಿಟ್ಟು ಹೋಗುತ್ತಿದ್ದಿರಿ. ಅವಳು ಹೊಲಿಗೆ ಯಂತ್ರದ ಕೆಳಗೆ, ನನ್ನ ಕಾಲಿನ ಪಕ್ಕದಲ್ಲೇ ಮಲಗುತ್ತಿದ್ದಳು. ಯಂತ್ರದ ಸದ್ದಿಗೆ ಕಿವಿ ಕೂಡ ಅಲ್ಲಾಡುತ್ತಿರಲಿಲ್ಲ. ಆದರೆ ಹಬ್ಬದ ಪಟಾಕಿ ಎಲ್ಲೋ ದೂರದಲ್ಲಿ ಹಾರಿದರೂ ಸಾಕು, ನಡುಗುತ್ತಾ ನನ್ನ ಮೊಣಕಾಲಿನ ಸಂದಿಗೆ ತಲೆ ತೂರಿಸುತ್ತಿದ್ದಳು. ಇದು ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಆ ಬೆಲ್ಟು ನಾನೇ ಹೊಲಿದದ್ದು. ದಪ್ಪ ಚರ್ಮ, ಎರಡು ಸುತ್ತು ಹೊಲಿಗೆ, ಆರು ತೂತು, ನಿಮ್ಮ ಫೋನ್ ನಂಬರು ಕೆತ್ತಿಸಿದ ಹಿತ್ತಾಳೆ ಬಿಲ್ಲೆ. ಕೊಡುವಾಗ ಜಂಬ ಕೊಚ್ಚಿದ್ದೆ: "ನಾಯಿ ಸವೆದೀತು ಸಿಸ್ಟರ್, ಇದು ಸವೆಯಲ್ಲ." ನೀವು ನಕ್ಕಿರಿ.

ಆ ವರ್ಷದ ಆಯುಧಪೂಜೆಗೆ ಆಸ್ಪತ್ರೆಯಲ್ಲಿ ಎಲ್ಲರೂ ರಜಾ ಹಾಕಿ, ಡ್ಯೂಟಿ ನಿಮ್ಮ ತಲೆಗೆ ಬಿದ್ದಿತ್ತು. ಬೆಳಿಗ್ಗೆ ರಾಗಿಯನ್ನು ಬಿಡುವಾಗ ಒಂದು ಹಾಳೆ ಕೊಟ್ಟಿರಿ. ಜನ ಬರುವ ಮೊದಲೇ ಒಳಕೋಣೆಗೆ ಹಾಕಿ. ಕಿಟಕಿ ಮುಚ್ಚಿ. ಫ್ಯಾನು, ರೇಡಿಯೊ ಜೋರಾಗಿರಲಿ. ಹಳೇ ಬೆಡ್‌ಶೀಟಿನ ಕೆಳಗೆ ನುಗ್ಗಿದರೆ ಎಳೆಯಬೇಡಿ. ಯಾರಿಗೂ ತೋರಿಸಲು ಹೊರಗೆ ತರಬೇಡಿ. ಕೊನೆಯಲ್ಲಿ, ಕೆಳಗೆ ಎರಡು ಗೆರೆ ಎಳೆದು — ಬೆಲ್ಟು ಮಾತ್ರ ಬಿಚ್ಚಬೇಡಿ.

"ಅರ್ಥ ಆಗ್ದೇ ಇದ್ರೆ ಫೋನ್ ಮಾಡಿ ನಂಜುಂಡಣ್ಣ, ಸಂಕೋಚ ಬೇಡ" ಅಂದಿರಿ.

"ನಾಯಿ ನೋಡ್ಕೊಳ್ಳೋಕೂ ಡಿಗ್ರಿ ಬೇಕಾ ಸಿಸ್ಟರ್?" ಅಂದೆ. ನಗುತ್ತಲೇ ಅಂದೆ. ಒಳಗೆ ಚುಚ್ಚಿತ್ತು. ನೀವು ಆ ಅರ್ಥದಲ್ಲಿ ಹೇಳಿರಲಿಲ್ಲ, ಈಗ ತಿಳಿಯುತ್ತದೆ. ಬಹುಶಃ ಆಗಲೂ ತಿಳಿದಿತ್ತು.

ಹಾಳೆ ಓದಲಿಲ್ಲ ಎಂದು ಬರೆದುಬಿಡಬಹುದಿತ್ತು. ಓದಿದೆ, ಸಿಸ್ಟರ್. ಪ್ರತಿಯೊಂದು ಸಾಲನ್ನೂ. ಮೊದಲು ಹಾಗೆಯೇ ಮಾಡಿದೆ ಕೂಡ. ಫೋಮ್ ಶೀಟು ಇಡುವ ಒಳಕೋಣೆಯಲ್ಲಿ ಬಿಟ್ಟು ರೇಡಿಯೊ ಹಾಕಿದೆ. ತಣ್ಣಗೆ ಮಲಗಿದ್ದಳು.

ಮಧ್ಯಾಹ್ನದ ಹೊತ್ತಿಗೆ ಅಂಗಡಿ ಮುಂದೆ ಹನ್ನೆರಡು ಆಟೋ ಸಾಲಾಗಿ ನಿಂತವು, ಬಾಳೆಕಂದು ಕಟ್ಟಿಕೊಂಡು. ಎಲ್ಲಕ್ಕೂ ನಾನು ಹೊಲಿದ ಸೀಟೇ. ಯಂತ್ರಕ್ಕೆ, ಕತ್ತರಿಗೆ, ದಬ್ಬಳಕ್ಕೆ ವಿಭೂತಿ, ಕುಂಕುಮ ಇಟ್ಟಾಗಿತ್ತು. ಕಡ್ಲೆಪುರಿ ಹಂಚುತ್ತಿದ್ದೆ. ಆಗ ಮುನಿರಾಜು — ಹಳೇ ಗಿರಾಕಿ, ನಿಮಗೂ ಪರಿಚಯ — ಕೂಗಿದ:

"ಅಣ್ಣೋ, ನಿನ್ ವಾಚ್‌ಮ್ಯಾನ್ ಎಲ್ಲಿ? ಅವಳಿಗೂ ಒಂದು ಹಾರ ಹಾಕಣ್ಣ! ವರ್ಷೆಲ್ಲಾ ಅಂಗಡಿ ಕಾಯ್ದವ್ಳು ಅವ್ಳು, ನಿನ್ ಕತ್ತರಿ ಅಲ್ಲ!"

ಎಲ್ಲರೂ ನಕ್ಕರು. ಇನ್ನೊಬ್ಬ "ಬೇಡ ಗುರು, ಅಣ್ಣಂಗೆ ಸಿಸ್ಟರ್ ಬೈತಾರೆ" ಅಂದ.

ಬೈತಾರೆ ಅಂದನಲ್ಲ, ಅದೇ. ನನ್ನ ಅಂಗಡಿಯಲ್ಲಿ, ನನ್ನ ಜನರ ಮುಂದೆ — ಒಳಗೆ ಹೋಗಿ ರಾಗಿಯನ್ನು ಎತ್ತಿಕೊಂಡು ಬಂದೆ. ನನ್ನ ತೋಳಿನಲ್ಲಿ ಸುಮ್ಮನಿದ್ದಳು. ನನ್ನನ್ನು ಅಷ್ಟು ನಂಬಿದ್ದಳು. ಹಾರ ಹಾಕಿದರೆ ಬೆಲ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಬೆಲ್ಟಿನ ಮೇಲೆ ಯಂತ್ರದ ಎಣ್ಣೆಯ ಕಲೆ ಬೇರೆ. ಫೋಟೋದಲ್ಲಿ ನಾನು ಹೊಲಿದದ್ದು ಹೊಲಸಾಗಿ ಕಾಣಬಾರದು ಅನ್ನಿಸಿತು. ಎರಡೇ ನಿಮಿಷ ಅಂದುಕೊಂಡೆ. ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಚೆಂಡುಹೂವಿನ ಹಾರ ಹಾಕಿದೆ, ಹಣೆಗೆ ಕುಂಕುಮ ಇಟ್ಟೆ, ಫೋಟೋ ತೆಗೆಯಲೆಂದು ನೆಲಕ್ಕೆ ಇಳಿಸಿದೆ.

ಅಷ್ಟರಲ್ಲಿ ಸಾಲಿನ ಆ ತುದಿಯಲ್ಲಿ ಯಾರೋ ಬೂದುಗುಂಬಳ ಒಡೆದರು. ಹಿಂದೆಯೇ ಸರಪಟಾಕಿ ಹಚ್ಚಿದರು.

ಕೈ ಚಾಚಿದೆ. ಹಿಡಿಯಲು ಕತ್ತಿನಲ್ಲಿ ಏನೂ ಇರಲಿಲ್ಲ. ಹಾರ ಕಿತ್ತು ಹೂವು ಕೈಗೆ ಬಂತು. ಆಟೋಗಳ ಕೆಳಗೆ ತೂರಿ ರಿಂಗ್ ರೋಡಿನ ಕಡೆಗೆ ಓಡಿದಳು. ಬರಿಗಾಲಲ್ಲಿ ಹಿಂದೆ ಓಡಿದೆ, ಕೂಗಿದೆ. ಬಸ್ಸು, ಲಾರಿ, ಹಬ್ಬದ ಜನ. ಕೆರೆಯ ತನಕ ಹುಡುಕಿದೆವು. ಯಾರಾದರೂ ಹಿಡಿದು ಕಟ್ಟಿಹಾಕಿದರೂ ಫೋನ್ ಮಾಡಲು ಅವಳ ಕತ್ತಿನಲ್ಲಿ ನಂಬರಿರಲಿಲ್ಲ. ನಂಬರು ನನ್ನ ಜೇಬಿನಲ್ಲಿತ್ತು.

ಇಲ್ಲಿಯವರೆಗಿನದು ತಪ್ಪು. ಮುಂದಿನದು ತಪ್ಪಲ್ಲ, ಪಾಪ.

ಸಂಜೆ ನೀವು ಬರುವ ಮುಂಚೆ ಬೆಲ್ಟನ್ನು ಹೊರತೆಗೆದು ನೋಡಿದೆ. ನೀವು ದಿನಾ ಹಾಕುತ್ತಿದ್ದ ಮೂರನೇ ತೂತು ಸವೆದು ಅಗಲವಾಗಿತ್ತು. ಕಿತ್ತುಹೋಯಿತು ಎಂದು ಹೇಳಬಹುದಿತ್ತು — ಆದರೆ ನನ್ನ ಹೊಲಿಗೆ ಕಿತ್ತಿತು ಎಂದು ನಾನು ಹೇಳುವುದೇ? ಆ ಜಂಬ ಅಂಥ ಹೊತ್ತಿನಲ್ಲೂ ಹೋಗಿರಲಿಲ್ಲ. ಬೆಲ್ಟನ್ನು ಒಂದು ತೂತು ಸಡಿಲಕ್ಕೆ, ಎರಡನೆಯದಕ್ಕೆ, ಹಾಕಿ ಇಟ್ಟೆ.

ನೀವು ಯೂನಿಫಾರ್ಮಿನಲ್ಲೇ ಓಡಿ ಬಂದಿರಿ. ನಾನು ಹೇಳಿದೆ: "ಕತ್ತಿಂದ ಜಾರ್ಬಿಡ್ತು ಸಿಸ್ಟರ್. ಬೆಳಿಗ್ಗೆ ನೀವು ಒಂದ್ ತೂತು ಸಡಿಲ ಹಾಕಿದ್ರಿ ಅನ್ಸುತ್ತೆ."

ಬೆಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದಿರಿ. "ಹೌದಣ್ಣ… ಅವಸರದಲ್ಲಿದ್ದೆ. ನಾನೇ ಹಾಕಿರ್ತೀನಿ" ಅಂದಿರಿ. ಆಮೇಲೆ ಅದನ್ನು ನನ್ನ ಕೈಗೇ ಕೊಟ್ಟು, "ಇದು ನನ್ನ ಕಣ್ಣಿಗೆ ಬೀಳೋದು ಬೇಡ" ಅಂದಿರಿ.

ಮುನಿರಾಜು ಅಲ್ಲೇ ನಿಂತಿದ್ದ. ನನ್ನ ಮುಖ ನೋಡಿದ, ಆಟೋ ಹತ್ತಿ ಹೊರಟುಹೋದ. ಅವತ್ತಿನಿಂದ ಅವನ ಆಟೋ ನನ್ನ ಅಂಗಡಿಗೆ ಬಂದಿಲ್ಲ.

ನಿಮ್ಮ ಜೊತೆ ಬಿಟಿಎಂ ಲೇಔಟ್ ತನಕ ಗೋಡೆಗಳಿಗೆ ಪೋಸ್ಟರ್ ಅಂಟಿಸಿದೆ. ಗೋಂದು ಹಚ್ಚಿದವನು ನಾನೇ. ರಾಗಿ ಸಿಗಲಿಲ್ಲ. ನೀವು ಮಾತ್ರ… ಹೇಗೆ ಬರೆಯಲಿ. ಮನೆಗೆ ಬೀಗ ಹಾಕಿ ಬಸ್ ಸ್ಟಾಪಿನ ತನಕ ಹೋಗುತ್ತೀರಿ, ತಿರುಗಿ ಬರುತ್ತೀರಿ, ಬೀಗ ಜಗ್ಗಿ ನೋಡುತ್ತೀರಿ. ಮತ್ತೆ ಹೋಗುತ್ತೀರಿ. ಒಂದೊಂದು ದಿನ ಎರಡು ಸಲ. ಮೊದಲು ಹಾಗಿರಲಿಲ್ಲ. ಯಂತ್ರದ ಮುಂದೆ ಕೂತು ನೋಡುತ್ತೇನೆ, ಹೊಲಿಗೆ ಸೊಟ್ಟಗಾಗುತ್ತದೆ, ಬಿಚ್ಚಿ ಮತ್ತೆ ಹೊಲಿಯುತ್ತೇನೆ.

ಮೊನ್ನೆ ನಿಮ್ಮ ತಂಗಿ ಮಗಳು ಒಂದು ಮರಿ ತಂದಿದ್ದಳು. ವಾಪಸ್ ಕಳಿಸಿದಿರಿ. ಯಾಕೆ ಸಿಸ್ಟರ್ ಎಂದು ನಾನೇ ಕೇಳಿದೆ, ಕೇಳುವ ಧೈರ್ಯ ಎಲ್ಲಿಂದ ಬಂತೋ. "ನನ್ನ ಕೈಯನ್ನ ನಾನೇ ನಂಬಲ್ಲ ಅಣ್ಣ" ಅಂದಿರಿ. ದಿನಕ್ಕೆ ಎಷ್ಟೋ ರೋಗಿಗಳಿಗೆ ಸೂಜಿ ಹಾಕುವ ಕೈ ಅದು.

ಅವತ್ತೂ ನಿಮ್ಮ ಕೈ ಸರಿಯಾಗಿಯೇ, ಮೂರನೇ ತೂತಿಗೇ ಹಾಕಿತ್ತು. ಇದನ್ನು ಹೇಳಲು ನನಗೆ ಆರು ವರ್ಷ ಬೇಕಾಯಿತು.

ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದ್ದೇನೆ. ಅದನ್ನು ಕೇಳುವ ಜಾಗದಲ್ಲಿ ನಾನಿಲ್ಲ. ಇವತ್ತು ನೀವು ಡ್ಯೂಟಿ ಮುಗಿಸಿ ಬಂದಾಗ ಅಂಗಡಿ ಮುಚ್ಚಿ ಈ ಕಾಗದ ಹಿಡಿದು ನಿಮ್ಮ ಬಾಗಿಲಿಗೆ ಬರುತ್ತೇನೆ. ನೀವು ಓದಿ ಮುಗಿಸುವ ತನಕ ಅಲ್ಲೇ ನಿಂತಿರುತ್ತೇನೆ.

ಈಗ ನನ್ನ ಹತ್ತಿರ ಇರುವುದು: ಎರಡು ಹೊಲಿಗೆ ಯಂತ್ರ, ನಾಲ್ಕು ಕತ್ತರಿ, ನೀವು ಬರೆದುಕೊಟ್ಟ ಒಂದು ಹಾಳೆ, ಒಂದು ಬೆಲ್ಟು. ಬೆಲ್ಟಿನಲ್ಲಿ ಆರು ತೂತು. ಸವೆದಿರುವುದು ಮೂರನೆಯದು.