ಗುರ್ದ ಕೀಳದ ಶನಿವಾರ

ಕುರಿಯ ಬೆನ್ನೊಳಗೆ ಕೈ ಹಾಕಿ ಗುರ್ದ, ಅಂದರೆ ಕಿಡ್ನಿ, ಕಿತ್ತು, ಮೇಲಿನ ಕೊಬ್ಬನ್ನು ಒಂದೇ ಎಳೆತಕ್ಕೆ ಸುಲಿದು, ಚಾಕುವಿನಿಂದ ಉದ್ದಕ್ಕೆ ಸೀಳಿ ತಕ್ಕಡಿಗೆ ಹಾಕುವುದಕ್ಕೆ ಯರ್ರಿಸ್ವಾಮಿಗೆ ಹೆಚ್ಚು ಹೊತ್ತು ಬೇಡ. ಹರಪನಹಳ್ಳಿ ಬಸ್ ನಿಲ್ದಾಣದ ಹಿಂದೆ ಇಪ್ಪತ್ತೆರಡು ವರ್ಷದಿಂದ ಅವನದು ಮಟನ್ ಅಂಗಡಿ. ಒಳಗೆ ಕೆಟ್ಟಿಲ್ಲವೆಂದು ಗಿರಾಕಿಗೆ ಕಾಣಬೇಕು, ಅದಕ್ಕೆ ಸೀಳುವುದು. 2006ರ ಜೂನ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ಹಾಗೆಯೇ ಎಂಟು ಗುರ್ದ ಸೀಳಿ, ತೊಳೆದು, ಐಸ್ ಡಬ್ಬಿಯಲ್ಲಿಟ್ಟು ದಾವಣಗೆರೆ ಬಸ್ಸಿಗೆ ಹಾಕಿದ.

ಅವು ಸಾರಿಗಲ್ಲ. ತೆಲಿಗಿಯಲ್ಲಿರುವ ತಂಗಿ ದ್ಯಾಮಕ್ಕನ ಮಗಳು ಕೀರ್ತನಾ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡುವ ಓದು ಓದುತ್ತಿದ್ದಳು. ಕಿಡ್ನಿಯ ಕಲ್ಲು ತೆಗೆಯಲು ಮೊದಲು ಬೆನ್ನಿನಿಂದ ಸೂಜಿ ಚುಚ್ಚಿ, ಕಿಡ್ನಿಯಲ್ಲಿ ಮೂತ್ರ ಕೂಡುವ ಜಾಗಕ್ಕೆ ಮುಟ್ಟಿಸಬೇಕು. ದಾರಿ ತೋರಿಸುವುದು ಎಕ್ಸ್‌ರೇ ಯಂತ್ರದ ಟಿ.ವಿ. ಇದನ್ನು ರೋಗಿಯ ಮೇಲೆ ಕಲಿಯಬಾರದೆಂದು ಅಲ್ಲಿಯ ದೊಡ್ಡ ಡಾಕ್ಟರು ಕುರಿಯ ಗುರ್ದವನ್ನು ಮಾಂಸದ ನಡುವೆ ಇಟ್ಟು, ಮೂತ್ರನಾಳದಿಂದ ಎಕ್ಸ್‌ರೇಗೆ ಕಾಣುವ ಬಣ್ಣದ ನೀರು ತುಂಬಿ, ಚುಚ್ಚಲು ಕೊಡುತ್ತಿದ್ದರು. ಶನಿವಾರ ಪರೀಕ್ಷೆ. ಮೂರರಲ್ಲಿ ಎರಡು ಸಲ ಸೂಜಿ ಸರಿಯಾಗಿ ತಾಗಿ ಅದರಿಂದ ಬಣ್ಣದ ನೀರು ಹೊರಬಂದರೆ ಕೀರ್ತನಾ ರೋಗಿಗೆ ಸೂಜಿ ಹಾಕಬಹುದು. ಇಲ್ಲದಿದ್ದರೆ ಇನ್ನೂ ಆರು ತಿಂಗಳು ಪಕ್ಕದಲ್ಲಿ ನಿಂತು ನೋಡಬೇಕು.

ಸಂಜೆ ಅಂಗಡಿಗೆ ಫೋನ್ ಬಂತು.

"ಮಾಮ, ಎಲ್ಲಾ ಸೀಳಿಬಿಟ್ಟಿಯಲ್ಲ. ಬಣ್ಣದ ನೀರು ಒಂದ್ ಹನಿನೂ ನಿಲ್ಲಲಿಲ್ಲ. ಮಸಾಲಿ ಬಸ್ಸಿನಾಗ ಉಳೀತೇನು ಅಂತ ನನ್ನ ಜೋಡಿ ಓದೋ ಗುರುಶಾಂತ ಎಲ್ಲರ ಮುಂದ ಕೇಳ್ದ."

"ಸೀಳಲಾರದ ಕೊಟ್ರ ಒಳಗೇನ್ ಮುಚ್ಚಿಟ್ಟಿ ಅಂತಾರವ್ವಾ ಗಿರಾಕಿ."

"ನನಗ ಮುಚ್ಚಿದ್ದೇ ಬೇಕು."

ಗುರುವಾರ ಸೀಳದೆ, ನಾಳ ಉದ್ದಕ್ಕೆ ಬಿಟ್ಟು ಕಳಿಸಿದ. ಕೊಬ್ಬು ಮಾತ್ರ ಎಂದಿನಂತೆ ನುಣ್ಣಗೆ ಸುಲಿದಿದ್ದ. ನೀರು ನಿಂತಿತು, ಆದರೆ ಸೂಜಿ ತಾಗಿದೊಡನೆ ಗುರ್ದ ಜಾರಿ ಪಕ್ಕಕ್ಕೆ ಹೋಗತೊಡಗಿತು. ಒಂಬತ್ತು ಸಲ ಚುಚ್ಚಿದರೆ ಒಂದು ಸಲ ಸಿಕ್ಕಿತೆಂದು ಕೀರ್ತನಾ ರಾತ್ರಿ ಹೇಳಿದಳು. ಅವಳ ದನಿ ಇಳಿದಿತ್ತು.

ಯರ್ರಿಸ್ವಾಮಿಗೆ ತನ್ನ ಕೈಯ ಕೆಲಸ ನೆನಪಾಯಿತು. ದಿನಾ ಮುಷ್ಟಿ ಹಾಕಿ ಜಗ್ಗಿದರೇ ಕೈಗೆ ಬರುವ ವಸ್ತು ಅದು. "ಕುರಿಯೊಳಗ ಅದು ಓಡಾಡಂಗಿಲ್ಲವ್ವಾ," ಎಂದ. "ಕೊಬ್ಬು ಹಿಡಕೊಂಡಿರತೈತಿ. ಶನಿವಾರ ನಾನು ಕೀಳಂಗೇ ಇಲ್ಲ."

ಶನಿವಾರ ಪಕ್ಕೆಲುಬಿನ ಕೆಳಗಿನ ಬೆನ್ನನ್ನು, ಗುರ್ದ ಇದ್ದಲ್ಲೇ ಇರುವಂತೆ, ಇಡಿಯಾಗಿ ಕಡಿದ. ಅಂಥವು ಮೂರು ತುಂಡು. ವಾರಕ್ಕೊಮ್ಮೆ ಗುರ್ದಕ್ಕೆಂದೇ ಬರುವ ಗಾದಿಲಿಂಗಪ್ಪ ಇಲ್ಲವೆನಿಸಿಕೊಂಡು, ಗೊಣಗುತ್ತ ಎದುರಿನ ಅಂಗಡಿಗೆ ಹೋದ. ಯರ್ರಿಸ್ವಾಮಿ ಡಬ್ಬಿ ಹೊತ್ತು ತಾನೇ ಬಸ್ಸು ಹತ್ತಿದ.

ಆಸ್ಪತ್ರೆಯಲ್ಲಿ ಅವನನ್ನು ಗಾಜಿನ ಬಾಗಿಲ ಆಚೆ ನಿಲ್ಲಿಸಿದರು. ಕೀರ್ತನಾ ಸೀಸದ ಭಾರದ ಅಂಗಿ ತೊಟ್ಟಿದ್ದಳು. ಟಿ.ವಿ.ಯಲ್ಲಿ ಕಂಡದ್ದು ಅವನಿಗೆ ಅರ್ಥವಾಗಲಿಲ್ಲ. ಮೊದಲ ತುಂಡಿನಲ್ಲಿ ಸೂಜಿಯ ಹಿಂಬದಿಯಿಂದ ಏನೂ ಬರಲಿಲ್ಲ. ಎರಡನೆಯದರಲ್ಲಿ ಅವಳು ತುಸು ಕೆಳಗಿನಿಂದ ಓರೆಯಾಗಿ ಚುಚ್ಚಿದಳು. ಗುರ್ದ ಜಾರಲಿಲ್ಲ. ಸೂಜಿಯೊಳಗಿನ ಕಡ್ಡಿ ತೆಗೆದಾಗ ನೀಲಿ ನೀರು ತೊಟ್ಟಿಕ್ಕಿತು. ಅದು ಅವನಿಗೆ ಅರ್ಥವಾಯಿತು. ಮೂರನೆಯದರಲ್ಲೂ ಬಂತು. ಡಾಕ್ಟರು ಅವಳ ಹೆಸರಿನ ಮುಂದೆ ಸಹಿ ಹಾಕಿದರು.

ಸೋಮವಾರ ಎಂಟೂವರೆಗೆ ಮೊದಲ ಆಪರೇಷನ್. ರೋಗಿ ಕೂಡ್ಲಿಗಿಯ ಬಸ್ ಕಂಡಕ್ಟರು. ಸೂಜಿ ಹಾಕುವವಳು ಕೀರ್ತನಾ, ಡಾಕ್ಟರು ಪಕ್ಕದಲ್ಲಿರುತ್ತಾರೆ.