ಅಕ್ಕಿಯಲ್ಲಿ ಬರೆಯುವ ಹೆಸರು

ನಾನು ಒಪೆರಾ ಕೇಳುತ್ತೇನೆಂಬುದು ಬಸವಕಲ್ಯಾಣದಲ್ಲಿ ನಮ್ಮ ಮನೆಯವರ ಹೊರತು ಯಾರಿಗೂ ಗೊತ್ತಿಲ್ಲ. ಮನೆಯವರಿಗೂ ಅದು ಒಪೆರಾ ಎಂದು ಗೊತ್ತಿಲ್ಲ. ಒಮ್ಮೆ ಇಯರ್‌ಫೋನ್ ಕಳಚಿ ಹಾಡು ಹೊರಬಿದ್ದಾಗ ಅಡುಗೆಮನೆಯಿಂದ ಅವ್ವ ಗಾಬರಿಯಾಗಿ ಕೇಳಿದಳು: “ಯಾರ ತೀರಿಕೊಂಡ್ರವ್ವ?” ಇನ್ನೂ ಯಾರೂ ತೀರಿಕೊಂಡಿರಲಿಲ್ಲ, ಅದಕ್ಕೆ ಕೊನೆಯ ಅಂಕ ಬರಬೇಕು.

ಮಾತೆಲ್ಲ ಹಾಡೇ ಆಗಿರುವ ಈ ಪರದೇಶದ ನಾಟಕಗಳ ಭಾಷೆ ನನಗೆ ಬಾರದು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿ ಕಥೆ ಹಿಡಿಯುತ್ತೇನೆ. ನಾಯಕಿಗೆ ಮದುವೆಯಾದರೆ ಅದು ನಗೆನಾಟಕ, ಆಗದಿದ್ದರೆ ಅವಳು ಸಾಯುತ್ತಾಳೆ. ಎರಡರಲ್ಲೂ ಅಷ್ಟಕ್ಕೇ ಮುಗಿಯಿತು. ಮದುವೆಯ ಮರುದಿನ ಅವಳು ಏನು ಹಾಡಿದಳೆಂದು ಯಾರೂ ಬರೆದಂತಿಲ್ಲ. ಮುಂದಿನ ತಿಂಗಳು ನನ್ನ ಮದುವೆ. ಈ ಕೊರತೆ ಈಚೆಗೆ ಹೆಚ್ಚು ಕಾಣುತ್ತಿದೆ.

ಮನಸ್ಸಿನಲ್ಲಿ ಉಳಿದದ್ದು ಒಂದು ಗ್ರೀಕ್ ಪುರಾಣದ ಕಥೆ. ಗಾಯಕನೊಬ್ಬ ಸತ್ತ ಹೆಂಡತಿಯನ್ನು ಕರೆತರಲು ಪಾತಾಳಕ್ಕೆ ಇಳಿಯುತ್ತಾನೆ. ಕರೆದುಕೊಂಡು ಹೋಗು, ಆದರೆ ದಾರಿಯಲ್ಲಿ ತಿರುಗಿ ನೋಡಕೂಡದು ಎಂದು ಅಪ್ಪಣೆಯಾಗುತ್ತದೆ. ಅವನು ತಿರುಗಿ ನೋಡುತ್ತಾನೆ. ಅವಳು ಮತ್ತೆ ಸಾಯುತ್ತಾಳೆ. ನಮ್ಮ ಪುರಾಣದ ಹೆಂಡತಿ ಯಮನ ಬೆನ್ನು ಹತ್ತಿ ಗಂಡನನ್ನು ಬಿಡಿಸಿ ತಂದವಳು. ಇಷ್ಟು ಚಿಕ್ಕ ಷರತ್ತನ್ನು ಅವಳು ಮೀರುತ್ತಿರಲಿಲ್ಲ.

ನಾನು ನೋಡಿದ ಪ್ರಯೋಗದಲ್ಲಿ ಆ ಗಂಡನ ಪಾತ್ರ ಹಾಡಿದ್ದು ಒಬ್ಬ ಹೆಂಗಸು. ಹರೆಯದಲ್ಲಿ ಸಂಗೀತ ನಾಟಕಗಳಲ್ಲಿ ಹೆಣ್ಣುಪಾತ್ರ ಮಾಡುತ್ತಿದ್ದ ನಮ್ಮ ಮುತ್ಯಾನಿಗೆ, ಅಂದರೆ ಅಜ್ಜನಿಗೆ, ಅದನ್ನು ತೋರಿಸಿದೆ.

“ನಾ ಸೀರಿ ಉಟ್ಟೆ, ಆಕಿ ಪ್ಯಾಂಟ್ ಹಾಕ್ಯಾಳ. ಬರೋಬರ್ ಆತು ಬಿಡು,” ಎಂದು ನಕ್ಕ. ಆಮೇಲೆ ಯಾಕೋ ನಗು ನಿಲ್ಲಿಸಿ, “ನನಗೇನು ತ್ರಾಸ ಇರ್ಲಿಲ್ಲವ್ವ. ಆಟ ಮುಗದ ಮ್ಯಾಲ ನನ್ನ ಹೆಸರು ನನಗ ವಾಪಸ್ ಸಿಗತಿತ್ತು,” ಎಂದ.

ಅವನು ನನ್ನ ಅಕ್ಕ ವಿನುತಾಳನ್ನು ನೆನೆಯುತ್ತಿದ್ದ. ನಮ್ಮ ಕಡೆ ಕೆಲವು ಮನೆಗಳಲ್ಲಿ ಮದುವೆಯ ದಿನ ವರ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಎರಡು ವರ್ಷದ ಹಿಂದೆ ನಮ್ಮ ವಿನುತಾ ಹಾಗೆ ಭಾಗ್ಯಶ್ರೀಯಾಗಿ ಹುಮನಾಬಾದಿಗೆ ಹೋದಳು. ಕಾರು ಹತ್ತುವಾಗ ಸೋದರತ್ತೆ “ಹೊಳ್ಳಿ ನೋಡಬ್ಯಾಡ” ಎಂದು ಕಿವಿಯಲ್ಲಿ ಹೇಳಿದಳು. ಅಕ್ಕ ತಿರುಗಿ ನೋಡಲಿಲ್ಲ. ಹೇಳಿದ ಮಾತು ಕೇಳುವವಳು ಅವಳು.

ಹೋದ ವಾರ ಮದುವೆಯ ಸೀರೆ ತೋರಿಸಲೆಂದು ಅವಳ ಮನೆಗೆ ಹೊರಟವಳು ಹುಮನಾಬಾದಿನ ಪಕ್ಕದ ಮಾಣಿಕನಗರದ ಅಂಗಡಿ ಸಾಲಿನಲ್ಲೇ ಅವಳನ್ನು ಕಂಡೆ. ಅಕ್ಕಾ ಎಂದರೆ ಅರ್ಧ ಬಜಾರು ತಿರುಗುತ್ತದೆಂದು ಹೆಸರು ಹಿಡಿದೇ ಕೂಗಿದೆ. “ವಿನುತಾ!” ಮೂರು ಸಲ. ಅವಳು ಬಳೆ ಆರಿಸುತ್ತಲೇ ಇದ್ದಳು. ಪಕ್ಕದ ಅಂಗಡಿಯಿಂದ ಅವಳ ಅತ್ತೆ “ಭಾಗ್ಯಶ್ರೀ” ಎಂದು ಮೆಲ್ಲಗೆ ಕರೆದದ್ದೇ ತಟ್ಟನೆ ತಿರುಗಿದಳು. ಆಗ ನಾನು ಕಣ್ಣಿಗೆ ಬಿದ್ದೆ.

“ಏ, ಯಾವಾಗ ಬಂದಿ?”

“ಎಷ್ಟ್ ಒದರಿದೆ, ಕೇಳಿಸ್ಲಿಲ್ಲೇನ?”

“ಕೇಳಿಸ್ತು. ಯಾರನ್ನೋ ಕರ್ಯಾಕತ್ತಾರ ಅಂದ್ಕೊಂಡೆ.”

ಮರಳುವಾಗ ಬಸ್ಸಿನಲ್ಲಿ ನಾನು ಇಯರ್‌ಫೋನ್ ಹಾಕಿಕೊಳ್ಳಲಿಲ್ಲ.

ನಿನ್ನೆ ಚಿಟಗುಪ್ಪದಿಂದ, ನನ್ನನ್ನು ಮದುವೆಯಾಗುವವನ ಫೋನು ಬಂತು. ಒಳ್ಳೆಯವನು, ಕೇಳಿ ಮಾಡುವ ಸ್ವಭಾವ. “ನಿಮಗ ಯಾವ ಹೆಸರು ಸೇರ್ತದ ಹೇಳ್ರಿ, ಅದನ್ನೇ ಬರೀತೀನಿ,” ಎಂದ.

“ಈಗ ಇರೋದೇ ಬರೀರಿ,” ಎಂದೆ.

ಅವನು ಫೋನನ್ನು ಬಾಯಿಂದ ದೂರ ಸರಿಸಿ, ಹಿಂದಕ್ಕೆ ತಿರುಗಿ, “ಅವ್ವಾ...” ಎಂದು ಕರೆದದ್ದು ಕೇಳಿಸಿತು.

ಫೋನು ಹಿಡಿದು ಕಾಯುತ್ತ ನಿಂತೆ. ತಿರುಗಿ ನೋಡಬೇಡವೆಂದು ನಮ್ಮಲ್ಲಿ ಹೇಳುವುದು ಹುಡುಗಿಯರಿಗೆ ಮಾತ್ರ. ಅವನಿಗೆ ಯಾರೂ ಹೇಳಿರಲಿಲ್ಲ, ಪಾಪ.